ಮೊಣಕಾಲಿಗೆ ಇಳಿದ ಹೊರೆಗಲ್ಲು

ಹದಿನೈದು ದಿನದ ಹಿಂದೆ ನಾನು ನನ್ನ ಮಗಳ ಮೇಲೆ ಕುಳಿತು ಬಂದೆ.

ಮುದುಕಿಗೆ ಅರಳು ಮರಳು ಅನ್ನಬೇಡಿರಿ. ಅರಳು ಮರಳಾಗಿದ್ದರೆ ಚೆನ್ನಾಗಿತ್ತು. ಕುಳಿತದ್ದು ಖರೆ. ಕುಳಿತು "ತಂಪಾಗಿದೆ" ಅಂದದ್ದೂ ಖರೆ. ಊರಿನ ದೊಡ್ಡವರು ಎದುರಿಗೆ ನಿಂತು ನಕ್ಕರು. ನಾನೂ ನಕ್ಕೆ.

ಹೋದ ವಾರ ಪತ್ರಿಕೆಯಲ್ಲಿ ನನ್ನ ಜಾಗ ಖಾಲಿ ಇತ್ತು. ಮುದುಕಿ ಸತ್ತಳೇನು ಎಂದು ಕೆಲವರು ಕೇಳಿದಿರಂತೆ. ಸತ್ತಿಲ್ಲ. ಯಾಕೆ ಬರೆಯಲಿಲ್ಲ ಎಂಬುದನ್ನೇ ಈ ವಾರ ಬರೆಯುತ್ತೇನೆ. ಊರ ಹೆಸರು ಮಾತ್ರ ಕೇಳಬೇಡಿರಿ. (ಬರೆದರೆ ನಾಳೆ ನಮ್ಮ ಮನೆಯ ಮಗ್ಗಕ್ಕೆ ನೂಲು ಕೊಡುವವರಿಲ್ಲ. ಮಗ್ಗ ನಿಂತರೆ ಪತ್ರಿಕೆಯವರು ಬಂದು ಗಂಜಿ ಹಾಕುವರೇನು?) ಬಾದಾಮಿ ಗುಡ್ಡದ ಈಚೆ ಮಗ್ಗಲಿನ ಒಂದು ನೇಕಾರರ ಊರು. ಅಷ್ಟು ಸಾಕು.

ನಮ್ಮ ಊರು ಮುಗಿಯುವಲ್ಲಿ ಗುಡ್ಡ. ಗುಡ್ಡ ಹತ್ತಿಳಿದು ಬಾದಾಮಿಗೆ ಹೋಗುವ ಒಂದು ಕಾಲುದಾರಿ. ಚಕ್ಕಡಿ ಹೋಗದ ದಾರಿ. ಅಂದಮೇಲೆ ತಲೆಯ ಮೇಲೆ ಹೊರುವವರ ದಾರಿ. ಕಟ್ಟಿಗೆ, ಹುಲ್ಲು, ಖಣದ ಗಂಟು, ಸಂತೆಯ ಬುಟ್ಟಿ ಎಲ್ಲ ಅಲ್ಲಿಂದಲೇ. ನನ್ನ ತಾಯಿ ಆ ದಾರಿ ಸವೆಸಿದಳು. ನಾನೂ ಸವೆಸಿದೆ. ಈಗ ನನ್ನ ಮೊಣಕಾಲು ಸವೆದಿವೆ. ಆ ಕಡೆ ಹೋಗದೆ ಬಹಳ ವರ್ಷವಾಯಿತು.

ಈಚೆಗೆ ಆ ದಾರಿಗೆ ಹೊಸ ಗಿರಾಕಿಗಳು ಬಂದಿದ್ದಾರೆ. ಮೊದಲನೆಯವನು ಸಂಗಪ್ಪ ಸಾವಕಾರ. ನೂಲಿನ ವ್ಯಾಪಾರಿ, ಊರ ಕಮಿಟಿಯ ಹಿರಿಯ, ಬಳಗದಲ್ಲಿ ನನಗೆ ಮಗನಾಗಬೇಕು. ಹೊಟ್ಟೆ ಇಳಿಯಬೇಕಾದರೆ ಮುಂಜಾನೆ ನಡೆಯಬೇಕು ಎಂದು ಬಾಗಲಕೋಟೆಯ ಡಾಕ್ಟರರು ಅವನಿಗೆ ಹೇಳಿದರಂತೆ. ಅವನು ನಡೆದ. ಅವನ ಹಿಂದೆ ವಕೀಲರು ನಡೆದರು. ವಕೀಲರ ಹಿಂದೆ ಇನ್ನಿಬ್ಬರು. ಇದಕ್ಕೆ ವಾಕಿಂಗ್ ಅನ್ನುತ್ತಾರೆ.

(ಕಟ್ಟಿಗೆ ಮಾರುವ ಇಮಾಂಬಿ ಅದೇ ದಾರಿಯನ್ನು ದಿನಾಲು ನಡೆಯುತ್ತಾಳೆ. ಅವಳ ನಡಿಗೆಗೆ ಇಂಗ್ಲೀಷಿನಲ್ಲಿ ಯಾರೂ ಹೆಸರಿಟ್ಟಿಲ್ಲ.)

ನಡೆದವರಿಗೆ ದಣಿವಾಗುತ್ತದೆ. ದಣಿದವರಿಗೆ ಕೂಡಬೇಕು ಅನ್ನಿಸುತ್ತದೆ. ಬಡವರಿಗೆ ಅನ್ನಿಸಿದರೆ ನೆಲದ ಮೇಲೆ ಕೂಡುತ್ತಾರೆ. ದೊಡ್ಡವರಿಗೆ ಅನ್ನಿಸಿದರೆ ಅದು ಊರಿನ ಕೆಲಸವಾಗುತ್ತದೆ. ಹೀಗೆ ಕಾಲುದಾರಿಯ ಬಾಯಿಗೆ ಒಂದು ಬಾಗ, ಅಂದರೆ ಹೂದೋಟ, ಎದ್ದಿತು. ಕಣಗಿಲ ಗಿಡ, ಮಲ್ಲಿಗೆಯ ಬಳ್ಳಿ, ಸುತ್ತ ಬೇಲಿ, ಮುಂದೆ ಗೇಟು. ದಾರಿ ಹಿಡಿಯಬೇಕಾದರೆ ಈ ಬಾಗಿನೊಳಗೇ ಹಾಯ್ದು ಹೋಗಬೇಕು.

ಇನ್ನು ಕೂಡಲು ಏನು ಹಾಕಬೇಕು? ಕಮಿಟಿಯಲ್ಲಿ ಇದಕ್ಕೆ ಜಗಳವೇ ಆಯಿತಂತೆ. ಕಬ್ಬಿಣ ಎಂದರು ಒಬ್ಬರು. ಸಾಗವಾನಿ ಎಂದರು ಇನ್ನೊಬ್ಬರು. ಕಲ್ಲು ಎಂದ ಸಂಗಪ್ಪ. ಕಡೆಗೆ ಮೂರನ್ನೂ ಒಂದೊಂದು ಇಟ್ಟು, ಊರ ಮುದುಕರನ್ನು ಕೂಡಿಸಿ ನೋಡುವುದೆಂದು ಗೊತ್ತಾಯಿತು. ಮುದುಕರಿಗೆ ಒಪ್ಪಿದ್ದು ಎಲ್ಲರಿಗೂ ಒಪ್ಪುತ್ತದೆ ಎಂದು ವಕೀಲರ ಮತ.

ಹೀಗೆ ನನ್ನ ಮನೆಯ ಮುಂದೆ ಚಕ್ಕಡಿ ಬಂದು ನಿಂತಿತು.

"ಬರ್ರಿ ಚಿಗವ್ವಾ," ಎಂದ ಸಂಗಪ್ಪ, ಗೇಟಿನಲ್ಲಿ ಕೈ ಹಿಡಿದು ಇಳಿಸಿಕೊಳ್ಳುತ್ತ. "ಇವತ್ತ ನೀವ ಜಡ್ಜ್. ನೀವು ಹೇಳಿದ್ದ ಹುಕುಂ."

"ಜಡ್ಜಿಗೆ ಎಲಿ ಅಡಿಕಿ ಇಲ್ಲೇನೋ?"

"ಮೊದಲ ತೀರ್ಪ, ಆಮ್ಯಾಲ ಎಲಿ ಅಡಿಕಿ. ಇಲ್ಲಾಂದ್ರ ಲಂಚ ಅಂತಾರ," ಎಂದರು ವಕೀಲರು. ವಕೀಲರು ಒಳ್ಳೆಯವರು. ನಗಿಸುತ್ತಾರೆ.

ಮೊದಲು ಕಬ್ಬಿಣದ್ದು. ಸೊಲ್ಲಾಪುರದಿಂದ ರೈಲಿನಲ್ಲಿ ಬಾಗಲಕೋಟೆಗೆ, ಅಲ್ಲಿಂದ ಚಕ್ಕಡಿಯಲ್ಲಿ ಇಲ್ಲಿಗೆ ಬಂದ ಬೆಂಚು. ಬೆನ್ನಿಗೆ ಬಳ್ಳಿ, ಎಲೆ, ದ್ರಾಕ್ಷಿ ಗೊಂಚಲು ಎಲ್ಲ ಎರಕ ಹೊಯ್ದಿದ್ದಾರೆ. ಬಿಸಿಲು ಏರಿತ್ತು. ಕುಳಿತೆ, ಎದ್ದೆ. "ಇದರ ಮ್ಯಾಲ ರೊಟ್ಟಿ ಬೇಯಸಬಹುದು. ಕುಂದ್ರಾಕ ಬರಂಗಿಲ್ಲ," ಎಂದೆ.

ಎರಡನೆಯದು ಸಾಗವಾನಿಯದು. ಬೆನ್ನು ಹಿಂದಕ್ಕೆ ಬಾಗಿತ್ತು. ಕುಳಿತರೆ ಮುದುಕಿ ಹೊಳ್ಳಿ ಏಳುವ ಹಾಗಿಲ್ಲ. "ಹಿಂಗ ಮಲಗಿಸಿ ಇಟ್ರ ಮಂದಿ ಅಳಾಕ ಬರ್ತಾರ," ಎಂದೆ. ಎಲ್ಲರೂ ನಕ್ಕರು.

ಮೂರನೆಯದು ಬೇವಿನ ನೆರಳಿಗೆ ಇತ್ತು. ಎರಡು ಗಿಡ್ಡ ಕಾಲುಗಳ ಮೇಲೆ ಒಂದು ಉದ್ದನ್ನ ಕೆಂಪು ಹಾಸುಗಲ್ಲು. ಮೈ ಹೊಸದಾಗಿ ಉಳಿ ಹೊಡೆದು ನುಣ್ಣಗೆ ಮಾಡಿದ್ದರು. ಕುಳಿತೆ. ಪಾದ ನೆಲಕ್ಕೆ ಮುಟ್ಟಿದವು. ತೊಡೆಗೆ ತಂಪು ಹತ್ತಿತು.

"ಇದು ಆತು ನೋಡು," ಎಂದೆ. "ತಂಪ ಐತಿ. ಇದನ್ನ ಇಡ್ರಿ."

"ನಾ ಹೇಳಿರಲಿಲ್ಲೇನ್ರಿ ವಕೀಲ್ರ?" ಎಂದು ಸಂಗಪ್ಪ ತೊಡೆ ತಟ್ಟಿದ. "ಹೊರಗಿನದು ಯಾತಕ್ಕ ಬೇಕು? ನಮ್ಮ ಕಲ್ಲು ನಮ್ಮ ಕಲ್ಲು."

ತೀರ್ಪು ಮುಗಿಯಿತು. ಎಲೆ ಅಡಿಕೆ ಬಂತು. ಏಳಬೇಕಲ್ಲ, ಮೊಣಕಾಲು ಕೇಳಬೇಕಲ್ಲ. ಆಸರೆಗೆಂದು ಕಲ್ಲಿನ ಅಂಚಿನ ಕೆಳಗೆ ಕೈ ಹಾಕಿ ಹಿಡಿದೆ. ಅಲ್ಲಿ ಉಳಿ ಹೊಡೆದಿರಲಿಲ್ಲ. ಹಳೆಯ ಮೈ ಹಾಗೇ ಇತ್ತು. ಬೆರಳಿಗೆ ಒಂದು ಗೀರು ಹತ್ತಿತು. ಪಕ್ಕಕ್ಕೆ ಇನ್ನೊಂದು. ಎರಡರ ನಡುವೆ ತೂಗುಬಿದ್ದ ಒಂದು ಡೊಂಕು.

ನಾನು ಸಾಲೆ ಕಲಿತದ್ದು ಸ್ವಲ್ಪ. ಆದರೆ ಮಗ್ಗದ ಹಾಸಿನಲ್ಲಿ ಹರಿದ ಎಳೆಯನ್ನು ಕತ್ತಲೆಯಲ್ಲೂ ಹುಡುಕಿ ಗಂಟು ಹಾಕಿದ ಬೆರಳು ಇವು. ನೋಡದೆ ಓದುತ್ತವೆ.

ಅದು ತೊಟ್ಟಿಲು. ನನ್ನ ಗಂಡ ಹೇಳಿ ಕೆತ್ತಿಸಿದ ತೊಟ್ಟಿಲು. ಕಲ್ಲು ನನ್ನ ಮಗಳು ನಾಗವ್ವಳದು.

ನಾಗವ್ವ ತುಂಬಿದ ಬಸುರಿಯಾಗಿ ಸತ್ತಳು. ಕೂಸು ಇಳಿಯಲಿಲ್ಲ. ಸೂಲಗಿತ್ತಿ ಕೈ ಚೆಲ್ಲಿದಳು. ಹೊಟ್ಟೆಯೊಳಗಿನದನ್ನು ಒಳಗೇ ಇಟ್ಟುಕೊಂಡು ಹೋದಳು. ಇದರ ಮೇಲೆ ನಾನು ಹೆಚ್ಚಿಗೆ ಬರೆಯುವುದಿಲ್ಲ. ಇಂಥದು ಎಷ್ಟು ಮನೆಗಳಲ್ಲಿ ಆಗಿಲ್ಲ?

ಹೀಗೆ ಹೊತ್ತು ಹೋದವಳ ಹೆಸರಿನಲ್ಲಿ ಒಂದು ಹೊರೆಗಲ್ಲು ನಿಲ್ಲಿಸುವುದು ನಮ್ಮ ಮನೆತನದ ರೂಢಿ. ಅವಳ ಹೊರೆಯಂತೂ ಇಳಿಯಲಿಲ್ಲ, ಮಂದಿಯದಾದರೂ ಇಳಿಯಲಿ ಎಂದು. ಎರಡು ಕಂಬ, ಮೇಲೊಂದು ಹಾಸು. ಎತ್ತರ ಹೆಣ್ಣುಮಕ್ಕಳ ತಲೆಯ ಮಟ್ಟಕ್ಕೆ.

ತಲೆಯ ಮಟ್ಟಕ್ಕೇ ಯಾಕೆ? ಹೊರೆ ಹೊರದವರಿಗೆ ಇದು ತಿಳಿಯುವುದಿಲ್ಲ, ಬಿಡಿಸಿ ಹೇಳುತ್ತೇನೆ. ತಲೆಯ ಮೇಲಿನ ಹೊರೆಯನ್ನು ನೆಲಕ್ಕೆ ಇಳಿಸಲು ಇನ್ನೊಬ್ಬರು ಬೇಕು. ಇಳಿಸಿದ್ದನ್ನು ಮತ್ತೆ ತಲೆಗೆ ಏರಿಸಲೂ ಇನ್ನೊಬ್ಬರು ಬೇಕು. ಹೊರುವವಳು ಬಗ್ಗಬಾರದು. ಬಗ್ಗಿದರೆ ಹೊರೆ ಮುಂದಕ್ಕೆ ಜಾರುತ್ತದೆ, ಕುತ್ತಿಗೆಯನ್ನೂ ಎಳೆದುಕೊಂಡು ಹೋಗುತ್ತದೆ. ತಲೆಮಟ್ಟದ ಕಲ್ಲಿದ್ದರೆ ಬಗ್ಗುವ ಕೆಲಸವಿಲ್ಲ. ಕಲ್ಲಿಗೆ ತಾಗಿ ನಿಂತು ಹೊರೆಯನ್ನು ಅದರ ಮೇಲೆ ಸರಿಸುವುದು, ತಲೆ ಹೊರಗೆ ತೆಗೆಯುವುದು. ಉಸಿರು ಬಿಡುವುದು. ಸಿಂಬೆ ಸರಿಮಾಡಿಕೊಂಡು ಮತ್ತೆ ತಲೆ ಕೊಡುವುದು. ಯಾರ ಕೈಕಾಲೂ ಹಿಡಿಯಬೇಕಾಗಿಲ್ಲ.

ಆ ಕಲ್ಲು ನಿಲ್ಲಿಸುವ ದಿನ ನನ್ನ ಗಂಡ ನನ್ನ ತಲೆಯ ಮೇಲೆ ಒಂದು ಕಟ್ಟಿಗೆಯ ಹೊರೆ ಇಟ್ಟು, ಕಂಬದ ಪಕ್ಕದಲ್ಲಿ ನಿಲ್ಲಿಸಿ, ಅಳತೆ ತೆಗೆದ. ನಾನು ಅಳುತ್ತಿದ್ದೆನಂತೆ. "ಅಳಬ್ಯಾಡ, ತಲಿ ಅಳ್ಳಾಡತೈತಿ, ಅಳತಿ ತಪ್ಪತೈತಿ," ಎಂದು ಬೈದಿದ್ದ. ಅಳತೆ ತಪ್ಪಲಿಲ್ಲ.

ಅದನ್ನು ಈಗ ಮೊಣಕಾಲಿನವರೆಗೆ ಕಡಿದಿದ್ದರು.

"ಸಂಗಪ್ಪಾ, ಈ ಕಲ್ಲ ಎಲ್ಲಿದು?" ಎಂದೆ.

"ಇಲ್ಲೇ ನಿಂತಿತ್ತಲ್ಲ ಚಿಗವ್ವಾ, ದಾರಿ ಬಾಜೂಕ. ಕುಂದ್ರಾಕ ಭಾಳ ಎತ್ತರ ಇತ್ತು. ಯಾರೋ ತಿಳೀಲಾರದವ್ರು ನಿಂದ್ರಸಿರಬೇಕು. ಕಾಲು ಕಡಿಸಿ ಸರಿಮಾಡಿಸಿದ್ವಿ."

"ತಿಳೀಲಾರದವ್ರು ನಾವ. ಅದು ಕುಂದ್ರೂ ಕಲ್ಲಲ್ಲೋ. ಹೊರಿಗಲ್ಲು. ನಮ್ಮ ನಾಗವ್ವಂದು."

ಸಂಗಪ್ಪನ ಮುಖ ಇಳಿಯಿತು. ನಾಗವ್ವಳ ಮದುವೆಯಲ್ಲಿ ಹೋಳಿಗೆ ಬಡಿಸಿದವನು ಅವನು. ಗಲ್ಲ ಗಲ್ಲ ಬಡಿದುಕೊಂಡ. ಸುಳ್ಳಲ್ಲ, ಅವನ ಕಣ್ಣಿಗೆ ನೀರು ಬಂತು. ಗಂಡಸರು ಹುಟ್ಟಿದಾಗಿನಿಂದ ಅವರ ಮುಂದೆ ಕಲ್ಲುಗಳು ಹಾಗೇ ನಿಂತಿರುತ್ತವೆ, ಪಾಪ. ಯಾಕೆ ನಿಂತಿವೆ ಎಂದು ಕೇಳುವ ಪ್ರಸಂಗ ಅವರಿಗೆ ಬರುವುದಿಲ್ಲ.

ವಕೀಲರು ಸಮಾಧಾನಕ್ಕೆ ಬಂದರು. "ಅಮ್ಮಾರ, ಒಂದು ಲೆಕ್ಕಕ್ಕ ಒಳ್ಳೇದ ಆತಲ್ಲರಿ? ಮೊದಲ ಹೊರಿ ಅಷ್ಟು ಎತ್ತರಕ್ಕ ಇಡಬೇಕಾಗಿತ್ತು. ಈಗ ಬಗ್ಗಿ ಇಟ್ರ ಆತು. ಅವ್ರಿಗೂ ಆರಾಮ, ನಮಗೂ ಆರಾಮ."

"ವಕೀಲ್ರ, ನೀವು ತಲಿ ಮ್ಯಾಲ ಏನಾರ ಹೊತ್ತೀರೇನು?"

"ಈ ರುಮಾಲು ಬಿಟ್ರ ಏನೂ ಇಲ್ಲರಿ," ಎಂದು ಅವರೇ ನಕ್ಕರು.

"ಹಂಗಾದ್ರ ಸುಮ್ಮನಿರ್ರಿ."

ಸಂಗಪ್ಪ ಕೈ ಮುಗಿದ. ಕಲ್ಲಿನ ಮೇಲೆ ನಾಗವ್ವಳ ಹೆಸರು ಕೆತ್ತಿಸುತ್ತೇನೆ ಎಂದ. ಅಮಾವಾಸ್ಯೆಗೊಮ್ಮೆ ಅರಿಷಿಣ ಕುಂಕುಮ ಏರಿಸಿ ಪೂಜೆ ಮಾಡಿಸುತ್ತೇನೆ ಎಂದ.

"ಹೆಸರು ಬ್ಯಾಡ, ಪೂಜಿ ಬ್ಯಾಡ," ಎಂದೆ. "ಎತ್ತರ ಕೊಡು."

ಕಡಿದ ಕಲ್ಲು ಬೆಳೆಯುವುದಿಲ್ಲವಲ್ಲ ಚಿಗವ್ವಾ ಎಂದ. ಹೊಸ ಕಂಬ ತರಿಸು ಎಂದೆ. ಮುಂದಿನ ಮೀಟಿಂಗಿನಲ್ಲಿ ವಿಚಾರ ಮಾಡುತ್ತೇವೆ ಎಂದ. ಹೆಸರಿಗೆ, ಪೂಜೆಗೆ ಮೀಟಿಂಗ್ ಬೇಡವಾಗಿತ್ತು. ಎತ್ತರಕ್ಕೆ ಮೀಟಿಂಗ್ ಬೇಕಾಯಿತು. ಯಾಕಿರಬಹುದು?

ಚಕ್ಕಡಿಯಲ್ಲಿ ಮನೆಗೆ ಬಂದೆ. ಎಲೆ ಅಡಿಕೆ ಬಾಯಲ್ಲೇ ಇತ್ತು.

ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಸತ್ತವಳ ಕಲ್ಲಿಗೆ ಏನಾದರೆ ಏನು? ಸತ್ತವಳಿಗೆ ನೋಯುವುದಿಲ್ಲ.

ಇಮಾಂಬಿಯ ಮಾತು ಮೊದಲೇ ಒಮ್ಮೆ ಬಂತು. ನಮ್ಮ ಹಿತ್ತಲ ಗೋಡೆಯ ಆಚೆಯ ಮನೆ. ಅವಳ ಅತ್ತೆ ಮಾಬುಬಿ ನನ್ನ ಗೆಳತಿ. ಗೋಡೆಯ ಮೇಲಿಂದ ಬೆಂಕಿ, ಉಪ್ಪು, ಬೈಗುಳ ಎಲ್ಲ ಕೊಟ್ಟು ತೆಗೆದುಕೊಂಡವರು ನಾವು. ಇಮಾಂಬಿಯ ಗಂಡ ಪಿಂಜಾರ. ಅರಳೆಯ ಧೂಳು ಕುಡಿದು ದಮ್ಮು ಹತ್ತಿ ಮೂಲೆ ಹಿಡಿದಿದ್ದಾನೆ. ಒಲೆ ಉರಿಯಬೇಕಾದರೆ ಇವಳು ಗುಡ್ಡಕ್ಕೆ ಹೋಗಿ ಕಟ್ಟಿಗೆ ತರಬೇಕು. ಹೊಟ್ಟೆಯಲ್ಲಿ ಏಳು ತಿಂಗಳು ತುಂಬಿತ್ತು. ತುಂಬಿದರೇನು, ಒಲೆಗೆ ತಿಳಿಯುತ್ತದೆಯೇ?

ನನ್ನ ತೀರ್ಪಾದ ನಾಲ್ಕೈದು ದಿನಕ್ಕೆ ಒಂದು ಮುಂಜಾನೆ ಜೊತೆಯವರು ಮುಂದೆ ಹೋಗಿಬಿಟ್ಟಿದ್ದರು. ಬಸುರಿಯ ಕಾಲು ಹಿಂದೆ ಬಿತ್ತು. ಇವಳು ಒಬ್ಬಳೇ ಗುಡ್ಡ ಇಳಿದು ಬಾಗಿನೊಳಗೆ ಬಂದಳು. ಹೊರೆಗಲ್ಲು ಹೋದದ್ದು ಗೊತ್ತಿತ್ತು. ಈಚೆಗೆ ಒಬ್ಬರಿಗೊಬ್ಬರು ಹೆಗಲು ಕೊಟ್ಟು ಇಳಿಸಿಕೊಳ್ಳುತ್ತಿದ್ದರಂತೆ. ಅವತ್ತು ಹೆಗಲು ಇರಲಿಲ್ಲ. ಕಣ್ಣು ಕತ್ತಲೆ ಬಂತು. ಕಲ್ಲಿನ ಮೇಲೆ ನಮ್ಮ ವಾಕಿಂಗಿನವರು ನಾಲ್ವರೂ ಕುಳಿತಿದ್ದರು.

"ಯಪ್ಪಾ, ಹೊರಿಗೆ ಒಂದೀಟ ಕೈ ಹಚ್ರಿ," ಎಂದಳು ಇಮಾಂಬಿ.

ಯಾರೂ ಕೈ ಹಚ್ಚಲಿಲ್ಲ. ಕೆಟ್ಟತನಕ್ಕಲ್ಲ. ಪರರ ಮನೆಯ ಹೆಣ್ಣುಮಗಳು, ಬಸುರಿ. ಅವಳ ತಲೆಯ ಮೇಲೆ ಕೈ ಚಾಚಿದರೆ ಊರು ಏನಂದೀತು? ಸಂಗಪ್ಪ ನನಗೆ ಆಮೇಲೆ ಇದನ್ನೇ ಹೇಳಿದ, ತಲೆ ತಗ್ಗಿಸಿಕೊಂಡು. ಕೈ ಹಚ್ಚುವುದು ಗೊತ್ತಾಗಲಿಲ್ಲ. ಗೊತ್ತಿದ್ದ ಮರ್ಯಾದೆಯನ್ನು ಮಾಡಿದರು.

"ಏಳ್ರಿ, ಏಳ್ರಿ, ಬಸುರಿ ಹೆಣಮಗಳು. ಜಾಗಾ ಬಿಡ್ರಿ," ಎಂದ ಸಂಗಪ್ಪ. ನಾಲ್ವರೂ ಎದ್ದು ನಿಂತರು. "ಹೊರಿ ಕಲ್ಲಿನ ಮ್ಯಾಲ ಇಟ್ಟು ಕುಂದರವ್ವಾ."

ಊರ ಸಾವಕಾರ, ವಕೀಲ ಎಲ್ಲರೂ ತನಗಾಗಿ ಎದ್ದು ನಿಂತಿದ್ದಾರೆ. ಇಮಾಂಬಿ ಇದನ್ನು ಜನ್ಮದಲ್ಲಿ ಕಂಡಿರಲಿಲ್ಲ. ಹೇಗೆ ಒಲ್ಲೆ ಅನ್ನಬೇಕು? ಬಗ್ಗಿದಳು. ಹೊರೆ ಮುಂದಕ್ಕೆ ಎಳೆದು ಮೊಣಕಾಲೂರಿ ಬೀಳಿಸಿತು. ನುಣ್ಣಗೆ ಮಾಡಿದ ಕಲ್ಲಿನ ಅಂಚು ಸರಿಯಾಗಿ ಹೊಟ್ಟೆಯ ಮಟ್ಟಕ್ಕೆ ಬಂತು.

ಅವರು ಕೆಟ್ಟವರಾಗಿದ್ದರೆ ಏಳುತ್ತಿರಲಿಲ್ಲ. ಇವಳು ಮನಸ್ಸಿನಲ್ಲಿ ಬೈದುಕೊಂಡು ಹೊರೆ ಹೊತ್ತೇ ಮನೆ ಮುಟ್ಟುತ್ತಿದ್ದಳು. ಒಳ್ಳೆಯವರ ಕೈಗೆ ಸಿಕ್ಕಳು.

ಚಕ್ಕಡಿಯಲ್ಲಿ ಹಾಕಿ ತಂದರು. ನಾನು ಸಾವಕಾಶ ಗೋಡೆ ಹಿಡಿದುಕೊಂಡು ಅವರ ಮನೆಗೆ ಹೋದೆ. ಬಿಸಿನೀರು ಕಾಯಿಸಲು ಕಟ್ಟಿಗೆ ಇರಲಿಲ್ಲ. ನಮ್ಮ ಮನೆಯಿಂದ ತರಿಸಿದೆವು. (ಇಡೀ ಪೇಟೆಯ ಒಲೆಗೆ ಕಟ್ಟಿಗೆ ಕೊಡುವವಳ ಮನೆ ಅದು.) ಇಮಾಂಬಿ ಉಳಿದಳು. ಕೂಸು ಉಳಿಯಲಿಲ್ಲ. ಗಂಡು. ಉಗುರು ಬೆಳೆದಿದ್ದವು.

ಮಾಬುಬಿ ಅಳಲಿಲ್ಲ. ಅರಿವೆಯಲ್ಲಿ ಸುತ್ತಿದ್ದನ್ನು ಮಗನ ಕೈಗೆ ಕೊಟ್ಟು, ನನ್ನ ಪಕ್ಕದಲ್ಲಿ ಕುಳಿತು, "ಹೊರಿ ಇಳೀತ ಬಿಡವ್ವಾ," ಎಂದಳು.

ನಾನು ಒಲೆಯ ಉರಿ ತಗ್ಗಿಸಿದೆ.

ಮರುದಿನ ಸಂಗಪ್ಪನ ಮನೆಯಿಂದ ಅಮೀನಗಡದ ಕರದಂಟು ಬಂತು, ಹೊಸ ಬಟ್ಟೆಯಲ್ಲಿ ಕಟ್ಟಿ. ಮಾಬುಬಿ ಗಂಟು ಬಿಚ್ಚಿ ನೋಡಿದಳು. ಅಂಟು, ಕೊಬ್ಬರಿ, ಉತ್ತತ್ತಿ. "ಇದು ಬಾಣಂತ್ಯಾರಿಗೆ ಕೊಡೂದಲ್ಲೇನ ನೀಲವ್ವಾ? ಈಕಿಗೆ ಹೆಂಗ ತಿನ್ನಸ್ಲಿ?" ಎಂದು ನನ್ನನ್ನು ಕೇಳಿದಳು.

"ತಿನ್ನಸು," ಎಂದೆ. "ನಾಳೆ ಮತ್ತ ಹೊರಬೇಕಲ್ಲ."

ಇಮಾಂಬಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಿದ್ದೆ ಹತ್ತಿದೆ ಅಂದುಕೊಂಡಿದ್ದೆವು. ತಿರುಗದೆ ಕೇಳಿದಳು:

"ಅಮ್ಮಾ, ಆ ಕಲ್ಲು ಹೊಳ್ಳಿ ನಿಂದ್ರಸ್ತಾರೇನು? ನಲವತ್ತ ದಿನ ಮುಗಿದ ಮ್ಯಾಲ ನಾ ಮತ್ತ ಹೋಗಬೇಕು."

"ಕೇಳ್ತೇನಿ," ಎಂದೆ.

ಅವಳು ಕೂಸಿನ ಮಾತು ಎತ್ತಲಿಲ್ಲ. ಕಲ್ಲಿನ ಮಾತು ಎತ್ತಿದಳು. ಪಟ್ಟಣದಲ್ಲಿ ಕುಳಿತು ಓದುವವರಿಗೆ ಇದು ಕಲ್ಲೆದೆ ಅನ್ನಿಸಬಹುದು. ಅನ್ನಿಸಲಿ. ಹೋದದ್ದು ಹೋಯಿತು, ಹೋಗಬೇಕಾದ ದಾರಿ ಮುಂದಿದೆಯಲ್ಲ?

ಕೇಳಿದೆ. ಸಂಗಪ್ಪನಿಗೆ ಎರಡು ಸಲ ಹೇಳಿ ಕಳಿಸಿದೆ. ನಿನ್ನೆ ತಾನೇ ಬಂದ. ಮೀಟಿಂಗ್ ಆಯಿತಂತೆ. ನಮ್ಮ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕುಳಿತು, ನೀರು ಕುಡಿದು, ಸುದ್ದಿ ಹೇಳಿದ.

"ಎಲ್ಲಾರಿಗೂ ಭಾಳ ಕೆಟ್ಟ ಅನಿಸೇತಿ ಚಿಗವ್ವಾ. ಇನ್ನೊಮ್ಮೆ ಹಿಂಗ ಆಗಬಾರದಂತ ಪಕ್ಕಾ ಮಾಡೇವಿ. ಹೊರಿ ಹೊತ್ತವ್ರು ಬಾಗಿನಾಗ ಬರಬಾರದು. ಬೇಲಿ ಹೊರಗ ಸುತ್ತು ಹಾಕಿ ಹೋಗಬೇಕು. ಗೇಟಿಗೆ ಬೋರ್ಡ ಬರಸ್ತೀವಿ. ಅವ್ರ ಜೀವಕ್ಕ ಅದ ಚಲೋ."

"ಕಲ್ಲು?"

"ಕಲ್ಲು ಇರ್ಲಿ ಅಂದ್ರು. ನೀವ ಆರಿಸಿದ್ದಲ್ಲ?"

ಖರೆ. ನಾನೇ ಆರಿಸಿದ್ದು. ತಂಪಾಗಿತ್ತು.

ಅವನು ಹೊರಡಲಿಲ್ಲ. ರುಮಾಲು ತೆಗೆದ, ಮತ್ತೆ ಇಟ್ಟುಕೊಂಡ. ಇನ್ನೇನೋ ಇತ್ತು.

"ಒಂದು ಕೇಳೂದೈತಿ ಚಿಗವ್ವಾ. ಗೇಟಿನ ಆ ಕಡಿ ಬಾಜೂ ಖಾಲಿ ಕಾಣತೈತಿ, ಜೋಡಿ ಬೇಕು ಅಂತಾರ ವಕೀಲ್ರು. ಗುಡ್ಡದ ಮ್ಯಾಲ, ತಿರುವಿನಾಗ, ಇಂಥದ ಇನ್ನೊಂದು ಕಲ್ಲ ಐತಿ. ಅದು ಯಾರದು? ಈ ಸಲ ಮೊದಲ ಕೇಳಿ ಮಾಡಬೇಕು ಅಂತ ನಾನ ಹಟಾ ಹಿಡಿದೇನಿ."

ನೋಡಿರಿ, ಮನುಷ್ಯ ಕಲಿತಿದ್ದಾನೆ. ಕಡಿಯುವ ಮೊದಲು ಕೇಳಬೇಕು ಎಂಬುದನ್ನು ಕಲಿತಿದ್ದಾನೆ.

ಆ ತಿರುವಿನ ಕಲ್ಲು ನನ್ನ ತಾಯಿಯ ಕಾಲಕ್ಕೂ ಇತ್ತು. ಅದರ ಮೇಲೆ ಅವಳೂ ಹೊರೆ ಇಳಿಸಿದ್ದಳು. ಯಾರ ಮಗಳದೋ, ಯಾರಿಗೂ ನೆನಪಿಲ್ಲ. ಹಾಗೇ ಹೇಳಿದೆ.

"ಹಂಗಾದ್ರ ತಕರಾರು ಮಾಡವ್ರು ಯಾರೂ ಇಲ್ಲ," ಎಂದು ಅವನ ಮುಖ ಹಗುರಾಯಿತು.

"ಸತ್ತಾಕಿ ಮನ್ಯಾವ್ರನ್ನ ಯಾತಕ್ಕ ಹುಡುಕ್ತಿ? ಹೊರಿ ಹೊರವ್ರನ್ನ ಕೇಳು. ಇಮಾಂಬಿ ಹಿತ್ತಲ ಆಚೆ ಮನ್ಯಾಗ ಮಲಗ್ಯಾಳ. ಗೋಡಿ ಮ್ಯಾಲಿಂದ ಒದರಿದ್ರ ಕೇಳಸತೈತಿ."

ಅವನು ಗೋಡೆಯ ಕಡೆ ನೋಡಿದ. ಆಮೇಲೆ ಮೆಲ್ಲಗೆ, "ಆಕಿ ಕಮಿಟ್ಯಾಗ ಇಲ್ಲಲ್ಲ ಚಿಗವ್ವಾ," ಎಂದ. ಜೋಡು ಮೆಟ್ಟಿ ಹೋದ.

ಸಂಜೆ ಮಾಬುಬಿಯ ಮನೆಗೆ ಹೋದೆ. ಇಮಾಂಬಿ ಎದ್ದು ಕುಳಿತಿದ್ದಳು. ಹಳೆಯ ಸೀರೆ ಹರಿದು ಹೊಸ ಸಿಂಬೆ ಸುತ್ತುತ್ತಿದ್ದಳು. ಹಳೆಯ ಸಿಂಬೆ ಅಲ್ಲೇ ಬಾಗಿನಲ್ಲಿ ಬಿದ್ದು ಹೋಗಿತ್ತು.

"ನಿಂದ್ರಸ್ತಾರೇನಮ್ಮಾ?" ಎಂದಳು.

"ಇಲ್ಲವ್ವಾ," ಎಂದೆ. "ಇನ್ನೊಂದನ್ನೂ ಕುಂದ್ರಸ್ತಾರ."

ಅವಳು ಸಿಂಬೆಯನ್ನು ಇನ್ನೊಂದು ಸುತ್ತು ದಪ್ಪ ಮಾಡಿದಳು.

ನಿಂತ ಕಲ್ಲುಗಳನ್ನೆಲ್ಲ ಹೀಗೆ ಒಂದೊಂದಾಗಿ ಕೂಡಿಸಿಬಿಟ್ಟರೆ, ಹೊತ್ತು ನಿಂತವರು ಎಲ್ಲಿ ಇಳಿಸಬೇಕು?